ಬಣ್ಣದ ಕೆಳಗಿನ ಕೀಲು

ನನ್ನ ನೆಗೆಣ್ಣಿ ದುಂಡವ್ವನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ. ಕೈಯಲ್ಲಿ ರೊಟ್ಟಿ ಮಗುಚುವ ಪಟ್ಟಿ ಇದ್ದರೆ ಅದನ್ನೇ ಎತ್ತಿಕೊಂಡು ಹೋಗುತ್ತೇನೆ. ಆದರೆ ಎಲ್ಲರಿಗಿಂತ ಮೊದಲು ಅವಳ ಬಗ್ಗೆ ಹಗುರವಾಗಿ ಮಾತಾಡಿದವಳು ನಾನೇ. ಅದೂ ಊಟಕ್ಕೆ ಕೂತವರ ಎದುರಿಗೆ, ಗಂಟಲು ಹರಿಯುವಂತೆ.

ನಮ್ಮೂರಿನ ಮನೆಗಳಿಗೆ ಬಾಗಿಲು ಎಷ್ಟಾದರೂ ಇರಬಹುದು, ಕಿಟಕಿ ಮಾತ್ರ ಒಂದೇ. ಅದರ ಎದುರು ನಿಂತು ಎಲ್ಲಿಗೆ ತೆರೆಯಬೇಕೆಂದು ಹೇಳಿ ಕದ ದೂಡಿದರೆ ಅಲ್ಲಿಗೇ ತೆರೆದುಕೊಳ್ಳುತ್ತದೆ. ಬೆಲ್ಲದ ಗಾಣ ಎಂದರೆ ಆಚೆ ಬದಿಗೆ ಗಾಣದವನು ಕೂತಿರುತ್ತಾನೆ, ಕುದಿಯುವ ಪಾಕದ ವಾಸನೆ ಒಳಗೆ ಬರುತ್ತದೆ. ಆ ಗಾಣ ಎಷ್ಟು ದೂರದಲ್ಲಿದೆಯೋ ನಮಗೆ ಗೊತ್ತಿಲ್ಲ, ನಡೆದು ಹೋಗಿ ನೋಡಿದವರೂ ಇಲ್ಲ. ಬೆಲ್ಲದ ಪೆಂಟೆ ಈಚೆ ಬರುತ್ತದೆ, ನಮ್ಮ ಖಾಲಿ ಚೀಲ ಆಚೆ ಹೋಗುತ್ತದೆ. ಮಗಳ ಮನೆಗೂ ಹಾಗೇ, ಬಟ್ಟೆ ಅಂಗಡಿಗೂ ಹಾಗೇ.

ಹೊಸ ಜಾಗಕ್ಕೆ ಮೊದಲ ಸಲ ತೆರೆದಾಗ ಆಚೆಯವರು ಕೇಳುತ್ತಾರೆ: "ನಮಸ್ಕಾರ್ರೀ. ನಿಮ್ಮ ಕಿವಿ ಕೊಡ್ತೀರೇನ್ರಿ? ಕಣ್ಣು ಕೊಡ್ತೀರೇನ್ರಿ? ನೀವು ಎಲ್ಲೆಲ್ಲಿ ಅಡ್ಡಾಡ್ತೀರಿ ಅಂತ ತಿಳಸ್ತೀರೇನ್ರಿ?" ಇದನ್ನು ನಮ್ಮೂರಲ್ಲಿ ಯಾರೂ ಪ್ರಶ್ನೆ ಎಂದೇ ತಿಳಿದಿರಲಿಲ್ಲ. ದಾರಿಯಲ್ಲಿ ಎದುರಾದವರು ಊಟ ಆತೇನ್ರಿ ಎಂದರೆ ಏನು ಉಂಡೆವು, ಎಷ್ಟು ಉಂಡೆವು ಎಂದು ವಿವರ ಹೇಳುತ್ತೇವೆಯೇ? ಹೂಂ ಎಂದು ಮುಂದೆ ಹೋಗುತ್ತೇವೆ. ಇದಕ್ಕೂ ಹಾಗೇ ಹೂಂ. ಕಿಟಕಿಯಲ್ಲಿ ನಿಂತವರಿಗೆ ಇಲ್ಲ ಎನ್ನುವುದೆಂದರೆ ಮನೆಗೆ ಬಂದವರನ್ನು ನೀರು ಕೊಡದೆ ಕಳಿಸಿದ ಹಾಗೆ ಎಂದು ನಮ್ಮ ಅತ್ತೆ ಕಲಿಸಿದ್ದರು. ನಾನು ಗಂಡನಿಗೆ ಇಲ್ಲ ಎಂದವಳು, ಊರ ಹಿರಿಯರಿಗೆ ಇಲ್ಲ ಎಂದವಳು. ಕಿಟಕಿಗೆ ಮಾತ್ರ ಹೂಂ ಬಿಟ್ಟು ಬೇರೆ ಮಾತು ಆಡಿದವಳಲ್ಲ.

ಆ ಕಿಟಕಿಯ ಚೌಕಟ್ಟಿನ ಎಡಗಡೆಯ ಮೇಲ್ಮೂಲೆಯಲ್ಲಿ ಸಣ್ಣ ಸಣ್ಣ ಉಬ್ಬುಗಳಿದ್ದವು. ಎಲ್ಲರ ಮನೆಯಲ್ಲೂ ಇದ್ದವು. ಕೆತ್ತನೆಯ ಕೆಲಸವೆಂದು ತಿಳಿದಿದ್ದೆವು. ಯುಗಾದಿ ಬಂತೆಂದರೆ ಚೌಕಟ್ಟಿಗೆ ಎಣ್ಣೆ ಬಣ್ಣ ಬಳಿಯುವುದು ನಮ್ಮೂರ ಪದ್ಧತಿ. ಹಳೆಯ ಬಣ್ಣ ಕೆರೆಯಬಾರದು, ಅದರ ಮೇಲೆಯೇ ಬಳಿಯಬೇಕು, ಕೆರೆದರೆ ಮನೆಗೆ ಆಗಿಬರುವುದಿಲ್ಲ ಎಂದು ನಂಬಿಕೆ. ನಮ್ಮ ಖಾನಾವಳಿಯ ಚೌಕಟ್ಟಿಗೆ ಬಳಿಯುತ್ತಿದ್ದವಳು ನಾನು. ಉಬ್ಬುಗಳ ಸಂದಿಯಲ್ಲಿ ಕುಂಚ ಹೋಗುವುದಿಲ್ಲವೆಂದು ಬೆರಳಿನಿಂದಲೇ ಬಣ್ಣ ಮೆತ್ತಿ ನುಣ್ಣಗೆ ಮಾಡುತ್ತಿದ್ದೆ. ಬೀದಿಯವರು ನೋಡಿ ಹೊಗಳುತ್ತಿದ್ದರು. ನಾನೂ ಹಿಗ್ಗುತ್ತಿದ್ದೆ.

ಖಾನಾವಳಿ ನಮ್ಮಿಬ್ಬರದು. ದುಂಡವ್ವ ನನ್ನ ಗಂಡನ ಅಣ್ಣನ ಹೆಂಡತಿ. ಅಣ್ಣತಮ್ಮಂದಿರು ಹೊಲ ನೋಡುತ್ತಾರೆ, ಒಲೆಯ ಹತ್ತಿರ ಬಂದರೆ ನಾನೇ ಓಡಿಸುತ್ತೇನೆ. ಉದ್ದನೆಯ ಒಂದೇ ಒಲೆ, ಅದರ ಮೇಲೆ ಎರಡು ಹಂಚು, ಅವಳದೊಂದು, ನನ್ನದೊಂದು. ನಾನು ಬಾಯಿಯವಳು. ಅವಳು ಹಾಗಲ್ಲ. ನಾನು ಒಂದು ಗೋಣಿ ಮಾತಾಡಿದರೆ ಅವಳು ಒಂದು ಚಿಟಿಕೆ ಆಡುತ್ತಾಳೆ, ಉಪ್ಪಿನ ಹಾಗೆ.

ಹೋದ ಚಳಿಗಾಲದ ಹೊತ್ತಿಗೆ ನನ್ನ ಕಣ್ಣಿಗೆ ಮಂಜು ಕವಿದಿತ್ತು. ಜೋಳದ ರೊಟ್ಟಿಯ ವಿಷಯ ಬಲ್ಲವರಿಗೆ ಗೊತ್ತು, ಹಂಚಿಗೆ ಹಾಕಿ ಮೇಲೆ ನೀರು ಸವರಿದ ಮೇಲೆ ಆ ನೀರು ಆರುವ ಹೊತ್ತನ್ನು ಕಣ್ಣಿನಿಂದಲೇ ಹಿಡಿಯಬೇಕು. ಮೊದಲೇ ಮಗುಚಿದರೆ ಹಂಚಿಗೆ ಅಂಟುತ್ತದೆ, ತಡವಾದರೆ ಬಿರಿಯುತ್ತದೆ. ನನಗೆ ಆ ಹೊತ್ತು ಕಾಣುವುದು ನಿಂತುಹೋಯಿತು. ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ ಹೇಳಿದೆ.

"ಯಕ್ಕಾ, ನನಗ ರೊಟ್ಟಿ ಕಾಣವಲ್ದು."

ಅವಳು ಹಿಟ್ಟು ನಾದುವುದನ್ನು ನಿಲ್ಲಿಸಿದಳು. "ಯಾವಾಗಿಂದ?"

"ದಸರಾದಿಂದ. ನಿನ್ನ ಬಿಟ್ಟು ಯಾರಿಗೂ ಹೇಳಿಲ್ಲ. ನನ್ನ ಗಂಡಗೂ ಇಲ್ಲ. ರೊಟ್ಟಿ ಬಡಿಯಾಕಿಗೆ ಕಣ್ಣ ಕಾಣೂದಿಲ್ಲಂತ ಗೊತ್ತಾದ್ರ, ನಾಳಿಂದ ಒಬ್ಬೊಬ್ಬರಿಗೂ ಪಲ್ಯಾದಾಗ ಹುಳಾ ಕಾಣತಾವು."

ಅವಳು ಮತ್ತೆ ಹಿಟ್ಟಿಗೆ ಕೈ ಹಾಕಿದಳು. ನನ್ನ ಹಂಚಿನ ಮೇಲೆ ರೊಟ್ಟಿ ಬಿತ್ತು. ಸ್ವಲ್ಪ ಹೊತ್ತಿಗೆ ತನ್ನ ಹಂಚಿನ ಕಡೆಯೇ ನೋಡುತ್ತ, "ಈಗ" ಎಂದಳು. ಮಗುಚಿದೆ. ಹದವಾಗಿತ್ತು. ಮುಂದಿನದಕ್ಕೂ ಹಾಗೇ, ಅದರ ಮುಂದಿನದಕ್ಕೂ ಹಾಗೇ. ಯಾರಾದರೂ ಕೇಳಿಸಿಕೊಂಡಿದ್ದರೆ ಅವಳು ತನ್ನ ರೊಟ್ಟಿಗೇ ಹೇಳಿಕೊಳ್ಳುತ್ತಿದ್ದಾಳೆ ಎಂದುಕೊಳ್ಳಬೇಕು, ಹಾಗೆ ಹೇಳುತ್ತಿದ್ದಳು.

ಮರುದಿನ ಊಟದ ಹೊತ್ತು. ಪಂಕ್ತಿ ತುಂಬಿತ್ತು. ಬೆಲ್ಲ ಮುಗಿಯಿತೆಂದು ನಾನು ಗಾಣದ ಹೆಸರು ಹೇಳಿ ಕಿಟಕಿ ದೂಡಿದೆ. ಗಾಣದವನಿಗಿಂತ ಮುಂದೆ ಇನ್ನೊಬ್ಬ ಯಾರೋ ಕಿಟಕಿಯೊಳಗೆ ಅರ್ಧ ಮೈ ತೂರಿಸಿ ನಿಂತಿದ್ದ. "ಅಕ್ಕಾರ! ಕಣ್ಣಿಗೆ ಮಂಜು ಬಂದೈತಂತಲ್ರಿ! ರೊಟ್ಟಿ ಕಾಣವಲ್ದಂತ! ನಮ್ಮ ಚಸ್ಮಾ ಒಮ್ಮೆ ಹಾಕ್ಕೊಂಡು ನೋಡ್ರಿ!" ಅವನನ್ನು ದೂಡಿ ಕದ ಹಾಕಿ ಎಣ್ಣೆಯಂಗಡಿಗೆ ತೆರೆದರೆ ಅಲ್ಲಿ ಕಣ್ಣಿಗೆ ಬಿಡುವ ಔಷಧಿಯವನು. ಬಟ್ಟೆ ಅಂಗಡಿಗೆ ತೆರೆದರೆ ಊರುಗೋಲು ಮಾರುವವನು.

ಪಂಕ್ತಿಯಲ್ಲಿ ಕೂತಿದ್ದ ಅಡಿವೆಪ್ಪ ಕಾಕಾ ದಿನಾ ನಮ್ಮಲ್ಲೇ ಉಣ್ಣುವವನು, ಬಾಯಿ ಸುಮ್ಮನಿರದವನು. ತಟ್ಟೆಯನ್ನು ಮೂಗಿನ ಹತ್ತಿರ ಎತ್ತಿ ಹಿಡಿದು, "ಹಂಗಾರ ಮೊನ್ನಿ ನನ್ನ ಸಾರಿನಾಗ ಬಂದಿದ್ದು ಕರಿಬೇವು ಅಲ್ಲೇನು, ಶಾವಂತ್ರಿ?" ಎಂದ. ಜನ ಬಿದ್ದು ಬಿದ್ದು ನಕ್ಕರು. ಇಬ್ಬರು ಕೈ ತೊಳೆದು ಎದ್ದುಹೋದರು.

ನಾನು ಒಳಗೆ ಹೋಗಲಿಲ್ಲ. ಅಲ್ಲಿಯೇ ನಿಂತು ಒಳಗಿದ್ದವಳನ್ನು ಕರೆದು ಬೈದೆ. "ಏ ದುಂಡವ್ವಾ! ಊರ ತುಂಬ ಡಂಗುರ ಹೊಡದೀಯಲ್ಲಾ! ನಿನ್ನ ಬಾಯಿಗೆ ಬೂದಿ ಬೀಳಲಿ!"

ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ನಾ ಯಾರಿಗೂ ಹೇಳಿಲ್ಲ."

"ನಾ ಹೇಳಿದ್ದು ನಿನಗೊಬ್ಬಾಕಿಗೆ. ನೀ ಹೇಳಿಲ್ಲಂದ್ರ ಗ್ವಾಡಿ ಹೇಳಿತೇನು?"

ಅಷ್ಟಕ್ಕೇ ಬಿಡಲಿಲ್ಲ. ಅವಳ ಹಂಚನ್ನು ಅರಿವೆಯಲ್ಲಿ ಹಿಡಿದು ತೆಗೆದುಕೊಂಡು ಹೋಗಿ ಹಿತ್ತಲಿನ ದನದ ಕೊಟ್ಟಿಗೆಯಲ್ಲಿ ಇಟ್ಟು ಬಂದೆ. ಒಲೆ ಬೇರೆ, ಅಮಾವಾಸ್ಯೆ ಮುಗಿದ ಮೇಲೆ ಮನೆಯೂ ಬೇರೆ ಎಂದೆ. ನಮ್ಮೂರಲ್ಲಿ ಇದು ಹೊಸದಲ್ಲ. ಒಳಗಿನ ಮಾತು ಹೊರಗೆ ಹಾಕಿದಳು, ಹಾಕಿದನು ಎಂದೇ ಎಷ್ಟೋ ಮನೆಗಳು ಒಡೆದಿದ್ದವು. ಹಂಚು ಹೊರಗೆ ಬಿದ್ದ ಹೆಂಗಸಿನ ಜತೆ ಬೀದಿಯಲ್ಲಿ ಯಾರೂ ಕೂತು ಮಾತಾಡುವುದಿಲ್ಲ, ಮಾತಾಡಿದ್ದೆಲ್ಲ ಊರಿಗೆ ಹಂಚುತ್ತಾಳೆ ಎಂದು.

ಬೇರೆ ಯಾರೇ ಆಗಿದ್ದರೂ ಅಳುತ್ತಿದ್ದರು, ಇಲ್ಲವೆ ನನ್ನ ಜಡೆ ಹಿಡಿಯುತ್ತಿದ್ದರು. ದುಂಡವ್ವ ನನ್ನ ಬೈಗುಳವನ್ನೆಲ್ಲ ಬಿಟ್ಟು ಅದರಲ್ಲಿದ್ದ ಒಂದು ಮಾತನ್ನು ಮಾತ್ರ ಹೆಕ್ಕಿಕೊಂಡಳು. "ಗ್ವಾಡಿ ಹೇಳಿತೇನು ಅಂದಿ" ಎಂದಳು. "ನೋಡೂಣು."

ಮರುದಿನ ಹಿತ್ತಲಿನ ಬಾವಿಯ ಹತ್ತಿರ ನನ್ನನ್ನು ತಡೆದು, "ಶಾವಂತ್ರಿ, ನನ್ನ ಹಲ್ಲು ನೋಯಾಕತ್ತಾವು" ಎಂದಳು. "ಉದರಿ ಹೋಗಲಿ" ಎಂದು ನಾನು ಕೊಡ ಎತ್ತಿಕೊಂಡು ಬಂದೆ. ಕಿಟಕಿಯಲ್ಲಿ ಹಲ್ಲಿನವರು ಯಾರೂ ಬರಲಿಲ್ಲ. ಅದರ ಮರುದಿನ ಅಡುಗೆಮನೆಯ ನಟ್ಟನಡುವೆ ನಿಂತು, ಎಂದೂ ದನಿ ಎತ್ತದವಳು, "ಯವ್ವಾ! ನನ್ನ ಕಾಲು ಬಾತು ಕುಂಬಳಕಾಯಿ ಆಗ್ಯಾವಲ್ಲೋ!" ಎಂದು ಕೂಗಿದಳು. ಮರುದಿನ ಬೆಳಗ್ಗೆ ಕಿಟಕಿ ದೂಡಿದರೆ ಆನೆಗೆ ಹೊಲಿಸಿದಂಥ ಚಪ್ಪಲಿಗಳನ್ನು ಎರಡೂ ಕೈಯಲ್ಲಿ ಹಿಡಿದು ಒಬ್ಬ ನಿಂತಿದ್ದ. ದುಂಡವ್ವ ಸೀರೆಯ ನೆರಿಗೆ ಸ್ವಲ್ಪ ಎತ್ತಿ ತನ್ನ ಜೋಳದ ದಂಟಿನಂಥ ಕಾಲುಗಳನ್ನು ನನಗೆ ತೋರಿಸಿದಳು.

"ನೀನ ಹೋಗಿ ಹೇಳಿ ಬಂದೀ ಅವಗ" ಎಂದೆ. ಸೋಲುವ ಜಾತಿ ನನ್ನದಲ್ಲ.

ಅವಳು ನನ್ನ ಜತೆ ವಾದಕ್ಕೆ ನಿಲ್ಲಲಿಲ್ಲ. ನನ್ನ ರೊಟ್ಟಿ ಪಟ್ಟಿಯನ್ನು ಕೆಂಡದಲ್ಲಿ ಇಟ್ಟಳು. ಕಾದ ಮೇಲೆ ತೆಗೆದು, "ಗ್ವಾಡಿ ಅಲ್ಲ, ಇದು" ಎಂದು ಕಿಟಕಿಯ ಚೌಕಟ್ಟಿಗೆ ಒತ್ತಿದಳು. ಬಣ್ಣ ಚುರ್ರೆಂದು ಬೊಬ್ಬೆ ಎದ್ದಿತು. ಉಣ್ಣುತ್ತಿದ್ದ ಅಡಿವೆಪ್ಪ ಕಾಕಾ ತುತ್ತು ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತ.

"ಏ ತಂಗೀ, ಏನ ಮಾಡಾಕತ್ತೀ! ಚೌಕಟ್ಟಿನ ಬಣ್ಣಾ ಕೆರೀತಾರೇನು? ಮನಿಗೆ ಕೇಡು!"

"ಮನಿ ಒಡದೈತಿ, ಕಾಕಾ" ಎಂದಳು ದುಂಡವ್ವ. "ಇನ್ನೇನ ಕೇಡು?"

ನಾನು ಬಳಿದ ಹಸಿರು ಸುಲಿದು ಬಂತು. ಅದರ ಕೆಳಗೆ ನಾನು ಮದುವೆಯಾಗಿ ಬಂದ ವರ್ಷ ಬಳಿದಿದ್ದ ನೀಲಿ. ಅದರ ಕೆಳಗೆ ಅತ್ತೆಯ ಕಾಲದ ಕೆಂಪು. ಅವಳು ಮೂಲೆಯ ಉಬ್ಬುಗಳಿಗೆ ಬಂದಾಗ ಪಟ್ಟಿ ಬಿಟ್ಟು ಸೂಜಿ ಹಿಡಿದಳು, ಮಗುವಿನ ಕಿವಿ ಸ್ವಚ್ಛ ಮಾಡುವ ಹಾಗೆ ಮೆಲ್ಲಗೆ ಮಾಡಿದಳು. ಕೆಳಗೆ ಹಿತ್ತಾಳೆ ಇತ್ತು. ಸಣ್ಣ ಸಣ್ಣ ಕೀಲುಗಳು, ಒಂದರ ಪಕ್ಕ ಒಂದು. ನನಗೆ ಕಾಣಲಿಲ್ಲ. ಸಿಟ್ಟು ಇದ್ದರೂ ತಡೆಯಲಾರದೆ ಹತ್ತಿರ ಹೋಗಿ ಬೆರಳಾಡಿಸಿದೆ. ಒಂದು ಕಿವಿಯ ಆಕಾರ. ಒಂದು ಕಣ್ಣಿನದು. ಒಂದು ಪಾದ, ಒಂದು ಕಸಬರಿಗೆ. ಮೇಲೆ ಕಡ್ಲೆಕಾಳಿನಷ್ಟು ಸಣ್ಣದೊಂದು ಬೀಗ. ಎಷ್ಟೋ ಯುಗಾದಿಗಳಲ್ಲಿ ನಾನು ಬಣ್ಣ ಮೆತ್ತಿದ ಬೆರಳು ಅದೇ.

ದುಂಡವ್ವ ಕಿವಿಯ ಕೀಲು ಹಿಡಿದು ಎಳೆದಳು. ಅದು ಸಲೀಸಾಗಿ ಬಂತು. ಅದರ ಹಿಂದೆ ಒಂದು ಹಿಡಿ ದಾರ. ಕೆಂಪು, ಬಿಳಿ, ಹಳದಿ, ಗೋಜಲು ಗೋಜಲಾಗಿ, ಆ ತುದಿ ಕಿಟಕಿಯಾಚೆಗೆ ಹೋಗಿತ್ತು. ಒಂದನ್ನು ಜಗ್ಗಿದಳು.

"ಹೇಳ್ರಿ ಅಕ್ಕಾರ!" ದಾರದೊಳಗಿಂದ ಚಸ್ಮಾದವನ ದನಿ. "ಕಣ್ಣು ಹೆಂಗದಾವ್ರಿ ಈಗ?"

ಪಂಕ್ತಿಯಲ್ಲಿ ಕೂತವರೆಲ್ಲ ಉಣ್ಣುವುದನ್ನು ಬಿಟ್ಟರು. ನಾನು ದಾರಕ್ಕೆ ಬಾಯಿ ಹಚ್ಚಿ, "ಯಾಂವಲೇ ನೀ? ನನ್ನ ಮನಿಯಾಗ ಆಡಿದ ಮಾತು ನಿನಗ ಯಾರು ಹೇಳಿದ್ರು?" ಎಂದು ಕೂಗಿದೆ.

"ನೀವ ಹೇಳೀರಲ್ರಿ. ಗಾಣದವರಿಗೆ ಕಿವಿ ಕೊಟ್ಟಿದ್ರಿ, ಅವರು ನಮಗ ಕಡಾ ಕೊಟ್ಟಾರ."

"ನಾ ಯಾವಾಗ ಕೊಟ್ಟೆ? ಸುಳ್ಳ ಹೇಳಬ್ಯಾಡ!"

ಅವನು ಸಿಟ್ಟಾಗಲಿಲ್ಲ. "ಕೇಳಸ್ತೀನಿ ತಡೀರಿ" ಎಂದ. ದಾರ ಸ್ವಲ್ಪ ಹೊತ್ತು ಕರಕರ ಎಂದಿತು. ಆಮೇಲೆ ಅದರೊಳಗಿಂದ ಒಂದು ಹೆಂಗಸಿನ ದನಿ ಬಂತು, ಅವಸರದ್ದು, ಒರಟು: "ಹೂಂ, ಹೂಂ, ಕೊಟ್ಟೆ, ಲಗೂನ ಬೆಲ್ಲಾ ಕೊಡು, ಒಲಿ ಮ್ಯಾಲ ಬ್ಯಾಳಿ ಐತಿ!"

ನನ್ನ ದನಿ. ಯಾರೂ ನಗಲಿಲ್ಲ, ಅಡಿವೆಪ್ಪ ಕಾಕಾ ಕೂಡ. ಅವರವರ ಮನೆಯ ಕಿಟಕಿ ಅವರವರಿಗೆ ನೆನಪಾಗಿರಬೇಕು.

ದುಂಡವ್ವ ದಾರಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಕಿತ್ತಳು. ಕಿವಿಯ ಕೀಲನ್ನು ತಿರುಗಿಸಿ ಒಳಗೆ ಒತ್ತಿದಳು. ಕಣ್ಣಿನದನ್ನು, ಪಾದದ್ದನ್ನು ಒತ್ತಿದಳು. ಕಸಬರಿಗೆಯ ಕೀಲು ತಿರುಗಿಸಿದಾಗ ಕಿಟಕಿಯ ಕದಗಳು ತಾವೇ ಮೈ ಕೊಡವಿಕೊಂಡವು, ಎಷ್ಟು ವರ್ಷಗಳ ಹೆಜ್ಜೆಯ ಧೂಳೋ, ಒಂದು ಮೊರದಷ್ಟು ಕೆಳಗೆ ಬಿತ್ತು. "ಈಗ ಗಾಣದಾವನ್ನ ಕರಿ" ಎಂದಳು. ಕರೆದೆ. ಕಿಟಕಿ ನನ್ನನ್ನು ಮರೆತಿತ್ತು. ಗಾಣದವನು ಹೊಸಬಳನ್ನು ಕಂಡ ಹಾಗೆ ಕೈ ಮುಗಿದು, "ನಮಸ್ಕಾರ್ರೀ. ನಿಮ್ಮ ಕಿವಿ ಕೊಡ್ತೀರೇನ್ರಿ?" ಎಂದ.

"ಇಲ್ಲ" ಎಂದೆ.

ಕಿಟಕಿ ಬಿದ್ದೀತು, ಗಾಣ ಹೊತ್ತಿ ಉರಿದೀತು ಎಂದು ಎಲ್ಲರೂ ಕಾದರು.

"ಆತ್ರಿ" ಎಂದ ಗಾಣದವನು. "ಎಷ್ಟ ಕೊಡ್ಲಿ ಬೆಲ್ಲಾ?"

ನನಗೆ ಆವತ್ತು ಬಂದಷ್ಟು ಸಿಟ್ಟು ಹುಟ್ಟಿದಾಗಿನಿಂದ ಬಂದಿರಲಿಲ್ಲ. "ಇಲ್ಲ ಅಂದ್ರೂ ಬೆಲ್ಲಾ ಕೊಡ್ತೀಯೇನು?" ಎಂದು ಅರಚಿದೆ.

"ಕೊಡದ ಏನ್ ಮಾಡ್ಲ್ರೀ? ಮಾರಾಕ ಅಂತ ಕುಂತೀನಿ."

ಆ ಕೀಲುಗಳನ್ನು ಮಾಡಿದ ಬಡಿಗ ಯಾರೋ ನನಗೆ ಗೊತ್ತಿಲ್ಲ. ಎಲ್ಲೇ ಇರಲಿ, ಅವನ ಕೈಗೆ ಶರಣು. ಮುಂದೊಂದು ದಿನ ಈ ಮನೆಯ ಹೆಂಗಸಿಗೆ ತನ್ನ ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸೀತು ಎಂದು ಅವನು ಮೊದಲೇ ಯೋಚಿಸಿದ್ದ. ಏಣಿ ಬೇಡ, ಯಾರ ಅಪ್ಪಣೆಯೂ ಬೇಡ, ಕೈ ಎತ್ತಿದರೆ ಸಿಗುವ ಎತ್ತರದಲ್ಲಿ ಇಟ್ಟಿದ್ದ. ಕಾಣದವರಿಗೂ ತಿಳಿಯಲೆಂದು ಆಕಾರ ಕೊಟ್ಟಿದ್ದ. ನಾವು ಅದಕ್ಕೆ ವರ್ಷ ವರ್ಷ ಬಣ್ಣ ಮೆತ್ತಿದೆವು.

ಆದರೆ ದುಂಡವ್ವನ ಹಂಚು ಕೊಟ್ಟಿಗೆಯಲ್ಲೇ ಉಳಿಯಿತು. ಅವಳಾಗಿ ತರಲಿಲ್ಲ. ನಾನು ತರಲು ಹೋದರೆ, "ಅಲ್ಲೇ ಇರಲಿ. ನೀ ಇಟ್ಟಿದ್ದು" ಎಂದಳು. ತಪ್ಪಾಯಿತು ಎನ್ನುವ ಮಾತು ನನ್ನ ಗಂಟಲಲ್ಲಿ ಹುಟ್ಟಿದ್ದೇ ಇಲ್ಲ. ಎರಡು ಸಲ ಪ್ರಯತ್ನ ಮಾಡಿದೆ, ಎರಡು ಸಲವೂ ಬೈಗುಳವಾಗಿ ಹೊರಗೆ ಬಂತು.

ಅಷ್ಟರಲ್ಲಿ ಬೀದಿಯೇ ಅವಳ ಹಿಂದೆ ಬಿದ್ದಿತ್ತು. ಕಾದ ಪಟ್ಟಿ, ಸೂಜಿ ಹಿಡಿದು ಅವಳು ಮನೆಯಿಂದ ಮನೆಗೆ ಹೋದಳು, ಹೋದಲ್ಲೆಲ್ಲ ಒಂದೊಂದು ಕೀಲಿನ ಗುಟ್ಟು ಕಲಿತಳು. ತಾಯಿ ಮಗಳು, ಅತ್ತೆ ಸೊಸೆ, ಮಾತು ಬಿಟ್ಟವರೆಲ್ಲ ದಾರ ಜಗ್ಗಿ ತಮ್ಮ ತಮ್ಮ ಹೂಂಗಳನ್ನು ಕೇಳಿಸಿಕೊಂಡರು. ಬೀದಿಯಲ್ಲಿ ಹೊರಗೆ ಬಿದ್ದಿದ್ದ ಹಂಚುಗಳು ಒಂದೊಂದಾಗಿ ಒಳಗೆ ಹೋದವು. ಅಡಿವೆಪ್ಪ ಕಾಕಾ ಮಾತ್ರ ಕೀಲು ಮುಟ್ಟಗೊಡಲಿಲ್ಲ. "ಮನಿಯಾಗ ನನ್ನ ಮಾತು ಯಾರೂ ಕೇಳೂದಿಲ್ಲ. ಕಿಟಕಿ ಆಚಿನವರಾದ್ರೂ ಕೇಳ್ತಾರಲ್ಲ, ಕೇಳಲಿ ಬಿಡ ತಂಗೀ" ಎಂದನಂತೆ. ದುಂಡವ್ವ ಬಣ್ಣ ಕೆರೆದು, ಕೀಲು ಎಲ್ಲಿದೆ ಎಂದು ತೋರಿಸಿ, ಮುಚ್ಚದೆ ಬಂದಳು. "ಅಂವಗ ಬೇಕಂತ ಇಟ್ಕೊಂಡಾನ. ಅದು ಬ್ಯಾರೆ" ಎಂದಳಂತೆ. ಇದನ್ನು ನನಗೆ ಹೇಳಿದವರು ಬೀದಿಯವರು. ಅವಳು ನನ್ನ ಜತೆ ಮಾತು ಬಿಟ್ಟಿದ್ದಳು.

ನನ್ನ ಹಂಚಿನ ಮೇಲೆ ರೊಟ್ಟಿ ಕರಕಲಾಗುತ್ತಿತ್ತು. ಒಂದು ಅಂಟಿದರೆ ಇನ್ನೊಂದು ಬಿರಿಯುತ್ತಿತ್ತು. ಪಂಕ್ತಿ ತೆಳ್ಳಗಾಯಿತು. ಕೊನೆಗೆ ಒಂದು ಮಧ್ಯಾಹ್ನ ಕಣ್ಣಿನ ದವಾಖಾನೆ ಎಂದು ಹೇಳಿ ಕಿಟಕಿ ದೂಡಿದೆ. ಬಿಳಿ ಅಂಗಿ ಹಾಕಿದವನೊಬ್ಬ ಸಿಕ್ಕ. ದೊಡ್ಡ ಫಲಕ, ಒಳ್ಳೆಯ ಮಾತು. ಕಣ್ಣಿನ ಕೀಲು ತೆಗೆದು ನನ್ನ ಕಣ್ಣು ಅವನ ಕೈಗೆ ಕೊಟ್ಟರೆ ಒಂದು ಗಳಿಗೆಯಲ್ಲಿ ಮಂಜು ಒರೆಸಿ ಕೊಡುತ್ತೇನೆ ಎಂದ. ನಾನು ಕೀಲಿಗೆ ಕೈ ಹಾಕಿದ್ದೆ. ಹಿಂದಿನಿಂದ ಒಂದು ಕೈ ಬಂದು ನನ್ನ ಕೈಗಿಂತ ಮೇಲಿದ್ದ ಆ ಸಣ್ಣ ಹಿತ್ತಾಳೆ ಬೀಗವನ್ನು ತಿರುಗಿಸಿತು. ಹಿಟ್ಟಿನ ವಾಸನೆಯ ಕೈ. ಆಚೆಯ ಫಲಕ ಗಿರಗಿಟ್ಟಲೆಯ ಹಾಗೆ ತಿರುಗಿ ಅದರ ಬೆನ್ನ ಮೇಲಿನ ನಿಜವಾದ ಹೆಸರು ಈಚೆ ಬಂತು.

"ಚಸ್ಮಾದಾವನ ಹಿತ್ತಲಾ ಇದು" ಎಂದಳು ದುಂಡವ್ವ. "ದವಾಖಾನಿ ಅಲ್ಲ." ಕದ ಹಾಕಿದಳು. ಮತ್ತೆ ಹೆಸರು ಹೇಳಿ ತೆರೆದು, ಬೀಗ ತಿರುಗಿಸಿ, ಫಲಕದ ಎರಡೂ ಬದಿಗೆ ಒಂದೇ ಹೆಸರಿದ್ದ ಕಡೆ ನಿಲ್ಲಿಸಿದಳು. ಅಲ್ಲಿ ಒಬ್ಬ ಮುದುಕಿ ಡಾಕ್ಟರು ಸಿಡುಕು ಮುಖ ಮಾಡಿಕೊಂಡು ಕೂತಿದ್ದರು. "ಕಣ್ಣು ಯಾಕ ಕೊಡ್ತೀ, ಇಲ್ಲೇ ಮುಂದ ಬಾ, ತೋರ್ಸು ಸಾಕು" ಎಂದು ನನ್ನನ್ನೇ ಗದರಿಸಿದರು. ಔಷಧಿ ಬರೆದರು, ಆದರೆ ಪೂರ್ತಿ ಮೊದಲಿನಂತೆ ಆಗುವುದಿಲ್ಲ ಎಂದರು. ನಾನು ತಿರುಗಿ ನೋಡುವಷ್ಟರಲ್ಲಿ ದುಂಡವ್ವ ಕೊಟ್ಟಿಗೆಗೆ ಹೋಗಿಯಾಗಿತ್ತು.

ನಾನು ಬೈದದ್ದು ಪಂಕ್ತಿಯ ಎದುರಿಗೆ. ಕೊಟ್ಟಿಗೆಯ ಮೂಲೆಯಲ್ಲಿ ಪಿಸುಗುಟ್ಟಿದರೆ ಅದು ತೀರುತ್ತದೆಯೇ? ಮರುದಿನ ಊಟಕ್ಕೆ ಜನ ಕೂತ ಮೇಲೆ ಮೊದಲು ಚೌಕಟ್ಟಿನ ಹತ್ತಿರ ಹೋಗಿ ಕಿವಿಯ ಕೀಲು ಒಳಗೇ ಇದೆಯೇ ಎಂದು ಬೆರಳಿನಿಂದ ನೋಡಿದೆ. ಇತ್ತು. ಆಮೇಲೆ ತಾಟು ಬಡಿದೆ.

"ಏ, ಎಲ್ಲಾರೂ ಇಲ್ಲಿ ಕೇಳ್ರಿ! ನನಗ ಕಣ್ಣು ಸರಿಯಾಗಿ ಕಾಣೂದಿಲ್ಲ. ಯಾರೋ ಹೇಳಿದ್ದಲ್ಲ, ನಾನ ಹೇಳಾಕತ್ತೀನಿ. ಆಕಿ ಹಂಚು ಹೊರಗ ಹೋಗೂಕಿಂತ ಮೊದಲ ನೀವು ಬಾಯಿ ಚಪ್ಪರಿಸಿ ತಿಂದ ನನ್ನ ರೊಟ್ಟಿ ನನ್ನವಲ್ಲ, ಅರ್ಧಾ ದುಂಡವ್ವನ ಕಣ್ಣಿನವು. ಆಕಿ ಯಾರಿಗೂ ಒಂದ ಮಾತು ಹೇಳಿದಾಕಿ ಅಲ್ಲ. ಬಾಯಿಬಡಕಿ ನಾನು! ನಾನ! ಇನ್ನ ಉಣ್ಣೂದಿದ್ರ ಉಣ್ರಿ, ಹುಳಾ ಹುಡುಕೂದಿದ್ರ ಎದ್ದು ಹೋಗ್ರಿ!"

ಒಬ್ಬರೂ ಏಳಲಿಲ್ಲ. ಅಡಿವೆಪ್ಪ ಕಾಕಾ ಕರಕಲು ರೊಟ್ಟಿಯನ್ನು ಎತ್ತಿ ಹಿಡಿದು, "ಮತ್ತ ಆ ಅರ್ಧಾ ಎಲ್ಲಿ, ತರಸವ್ವ ಲಗೂನ. ಹಲ್ಲು ಮುರದಾವು" ಎಂದ.

ಹಿತ್ತಲ ಬಾಗಿಲು ಕಿರ್ರೆಂದಿತು. ಯಾರು ಬಂದರೆಂದು ನನಗೆ ಕಾಣಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ. ಒಲೆಯ ಮೇಲೆ ಹಂಚು ಕೂತ ಸದ್ದು ಕೇಳಿತು, ಅದರ ಹಳೆಯ ಜಾಗದಲ್ಲಿ. "ಹಿಟ್ಟು ಗಟ್ಟಿ ಆಗೇತಿ" ಎಂದಳು ದುಂಡವ್ವ. ಅಷ್ಟೇ. ನಾನು ಹೋಗಿ ನನ್ನ ಹಂಚಿನ ಮುಂದೆ ಕೂತೆ. ರೊಟ್ಟಿ ಬಡಿದೆ, ಹಾಕಿದೆ, ನೀರು ಸವರಿದೆ. ಬೆಂಕಿಯ ಝಳದಲ್ಲಿ ಹಂಚು, ರೊಟ್ಟಿ ಎಲ್ಲ ಒಂದೇ ಬಿಳಿಯಾಗಿ ಕಂಡವು. ಪಟ್ಟಿ ಹಿಡಿದು ಕಾದೆ. ಪಕ್ಕದಲ್ಲಿ ಅವಳು ತನ್ನ ರೊಟ್ಟಿ ಬಡಿಯುವ ಸದ್ದು ಬರುತ್ತಲೇ ಇತ್ತು, ನಿಲ್ಲಲಿಲ್ಲ.

"ಈಗ" ಎಂದಳು. ಈ ಸಲ ಪಂಕ್ತಿಗೆಲ್ಲ ಕೇಳುವಂತೆ.